ಹಣಕಾಸಿನ ಕೆಲಸಕ್ಕೆ ಲಾ ಓದಬೇಕಾ? ಹದಿನಾಲ್ಕು ತಿಂಗಳ ಅಲೆದಾಟ

ಹೋದ ಸೋಮವಾರ ಲಾ ಕಾಲೇಜಿನ ಫೀಸು ಕಟ್ಟಿ ರಸೀದಿ ತೆಗೆದುಕೊಂಡೆ. ಮೂರು ವರ್ಷದ ಎಲ್‌ಎಲ್‌ಬಿ. ಈ ರಸೀದಿ ಕೈಗೆ ಬರಲು ಹದಿನಾಲ್ಕು ತಿಂಗಳು ಹಿಡಿಯಿತು. ಅರ್ಜಿ, ದಾಖಲೆ, ಓಡಾಟ ಎಲ್ಲ ಸೇರಿ ಐದು ತಿಂಗಳು. ಉಳಿದ ಒಂಬತ್ತು ತಿಂಗಳು "ಹೋಗಬೇಕಾ, ಬೇಡವಾ" ಅನ್ನೋದರಲ್ಲೇ ಕಳೆಯಿತು. ಬಿ.ಕಾಂ ಮುಗಿಸಿ, ಸಾಲ ಕೊಡುವ ಯಾವುದೋ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿ, ಮುಂದೇನು ಅಂತ ಯೋಚಿಸುತ್ತಾ ಕೂತವರು ನಮ್ಮ ಕಡೆ ತುಂಬಾ ಜನ ಇದ್ದಾರೆ. ಅವರಿಗೆ ಇಷ್ಟು ಅಲೆದಾಟ ಬೇಡ ಅಂತ ಬರೆಯುತ್ತಿದ್ದೇನೆ.

ನಮ್ಮದು ತೀರ್ಥಹಳ್ಳಿ ತಾಲ್ಲೂಕು. ಎರಡೂವರೆ ಎಕರೆ ಅಡಿಕೆ ತೋಟ. ನಾನು ಶಿವಮೊಗ್ಗದಲ್ಲಿ ಓದಿ 2021ರಲ್ಲಿ ಬಿ.ಕಾಂ ಮುಗಿಸಿದೆ, ಶೇ. 61 ಬಂತು. ಅದೇ ವರ್ಷ ಎಂಬಿಎಗೆ ಸೇರಿದ್ದೆ. ಆ ವರ್ಷ ತೋಟಕ್ಕೆ ಎಲೆಚುಕ್ಕಿ ರೋಗ ಬಂತು, ಮನೆಯಲ್ಲಿ ದುಡ್ಡಿಲ್ಲ, ಆರೇ ವಾರಕ್ಕೆ ಬಿಟ್ಟೆ. ಆಮೇಲೆ ಶಿವಮೊಗ್ಗದ ಒಂದು ಹಣಕಾಸು ಸಂಸ್ಥೆಯ ಸಾಲ ವಿಭಾಗಕ್ಕೆ ಸೇರಿದೆ. ಸಂಬಳ ಶುರುವಿಗೆ 14,000, ಬಿಡುವ ಹೊತ್ತಿಗೆ 22,000.

ಲಾ ಓದುವ ಯೋಚನೆ ಬಂದಿದ್ದು 2024ರ ಜೂನ್‌ನಲ್ಲಿ, ಒಂದು ಫೈಲಿನಿಂದ.

ಹೊಸನಗರ ಕಡೆಯ ಹಿರಿಯರೊಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ತುಂಬಿಕೊಂಡು ಬಂದಿದ್ದರು. ಹೊರಗೆ ಜೋರು ಮಳೆ. ಚೀಲದ ಒಳಗೆ ಇನ್ನೊಂದು ಚೀಲ, ಅದರೊಳಗೆ ಬಟ್ಟೆ, ಬಟ್ಟೆಯೊಳಗೆ ಕಾಗದ. ಮಡಿಕೆ ಹರಿದ ಕಡೆಯೆಲ್ಲ ಟೇಪು ಅಂಟಿಸಿದ್ದರು. ಮೂರು ಎಕರೆ ತೋಟ ಇದೆ, ಮಗನಿಗೆ ಅಂಗಡಿ ಹಾಕಿಕೊಡಲು ಸಾಲ ಬೇಕು ಅಂದರು. ಅವರ ತಂದೆಯ ಊರು ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿತ್ತು. ಸರ್ಕಾರವೇ ಲಾರಿಯಲ್ಲಿ ತಂದು ಬಿಟ್ಟ ಜಾಗದಲ್ಲಿ ತೋಟ ಎಬ್ಬಿಸಿದ್ದರು. ಅಣೆಕಟ್ಟು ಮುಗಿದದ್ದು 1964ರಲ್ಲಿ. ಅರವತ್ತು ವರ್ಷ ಆದರೂ ಪಹಣಿಯಲ್ಲಿ ಮಾಲೀಕರ ಹೆಸರು ಬರುವ 9ನೇ ಕಾಲಂನಲ್ಲಿ ಅವರ ಹೆಸರಿಲ್ಲ.

ನಾನು ಅವರ ಆದಾಯ, ಖರ್ಚು, ಫಸಲು, ಕಂತು ಕಟ್ಟುವ ಶಕ್ತಿ ಎಲ್ಲ ಲೆಕ್ಕ ಹಾಕಿ ನಾಲ್ಕು ಪುಟ ಬರೆದೆ. ಎಲ್ಲಾ ಚೆನ್ನಾಗೇ ಇತ್ತು. ಆಮೇಲೆ ಆಸ್ತಿ ಕಾಗದ ನೋಡಲು ನಮ್ಮ ಸಂಸ್ಥೆ ಗೊತ್ತುಮಾಡಿದ್ದ ಪ್ಯಾನಲ್ ವಕೀಲರ ಅಭಿಪ್ರಾಯ ಬಂತು. ಅರ್ಧ ಪುಟ. ಅಡಮಾನ ಮಾಡುವ ಹಕ್ಕು ಅರ್ಜಿದಾರರಿಗೆ ಇಲ್ಲ ಅಂತ. ನನ್ನ ನಾಲ್ಕು ಪುಟಕ್ಕೆ ಅಲ್ಲಿಗೇ ಬೆಲೆ ಹೋಯಿತು.

"ಬ್ಯಾಂಕಿನವರೂ ಇದನ್ನೇ ಹೇಳಿದ್ರು ತಂಗೀ. ಎಂಥ ಕಮ್ಮಿ ಇದೆ, ಎಲ್ಲಿ ಹೋಗಿ ಸರಿ ಮಾಡಿಸ್ಬೇಕು ಅಂತ ಮಾತ್ರ ಯಾರೂ ಬಿಡಿಸಿ ಹೇಳೋದಿಲ್ಲ" ಅಂದರು ಆ ಹಿರಿಯರು. ನನಗೂ ಗೊತ್ತಿರಲಿಲ್ಲ. ಮೂರು ವರ್ಷದಿಂದ ದಿನಾ ಪಹಣಿ ಹಿಡಿದು ಕೂತಿದ್ದೆ, ಒಂದು ಮಾತು ಹೇಳಲು ಆಗಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ಆದರೆ ಇಲ್ಲಿಂದ ನಾನು ನೇರ ದಾರಿ ಹಿಡಿಯಲಿಲ್ಲ. ಬೆಂಗಳೂರಿನಲ್ಲಿರುವ ದೊಡ್ಡಪ್ಪನ ಮಗನಿಗೆ ಫೋನ್ ಮಾಡಿದೆ. "ಲಾ ಮಾಡಿ ಫೈನಾನ್ಸಿಗೆ ಬಂದ್ರೆ ಕೋಟಿ ಲೆಕ್ಕದ ವ್ಯವಹಾರ ಮಾರಾಯ್ತಿ, ಸಂಬಳ ಎಲ್ಲೋ ಹೋಗುತ್ತೆ" ಅಂದ. ಆಮೇಲೆ ಎರಡು ತಿಂಗಳು ರಾತ್ರಿಯೆಲ್ಲ ಯೂಟ್ಯೂಬ್. ಕಂಪನಿಗಳ ವಿಲೀನ, ಷೇರು ಪೇಟೆ, ಇನ್ವೆಸ್ಟ್‌ಮೆಂಟ್ ಬ್ಯಾಂಕು. ಹೊಸನಗರದ ಫೈಲು ಮರೆತೇ ಹೋಯಿತು. ನೋಡಿದಷ್ಟೂ ಗೊಂದಲ ಜಾಸ್ತಿಯಾಯಿತು. ಕೊನೆಗೆ, ಆ ಕೆಲಸಗಳನ್ನು ನಿಜವಾಗಿ ಮಾಡುತ್ತಿರುವವರನ್ನೇ ಕೇಳೋಣ ಅಂತ ಹೊರಟೆ. ಇದನ್ನು ಮೊದಲೇ ಮಾಡಬೇಕಿತ್ತು.

ಮೊದಲು ಹೋಗಿದ್ದು ದುರ್ಗಿಗುಡಿಯ ಒಬ್ಬ ಆಡಿಟರ್ ಹತ್ತಿರ. ಅಪ್ಪಯ್ಯನ ಪರಿಚಯದವರು. ಅರ್ಧ ಗಂಟೆ ಅಂದವರು ಒಂದೂವರೆ ಗಂಟೆ ಕೂರಿಸಿಕೊಂಡು ಮಾತಾಡಿದರು. "ಫೈನಾನ್ಸ್ ಅಂದ್ರೆ ನಿನ್ನ ಮನಸ್ಸಲ್ಲಿ ಯಾವ ಕೆಲಸ ಇದೆ, ಅದನ್ನ ಹೇಳು" ಅಂದರು. ಕಂಪನಿಗಳ ಬೆಲೆ ಕಟ್ಟೋದು, ಹೂಡಿಕೆ ನೋಡಿಕೊಳ್ಳೋದು ಅಂದೆ. "ಅದಕ್ಕೆ ಲಾ ಎಂಥಕ್ಕೆ? ಸಿಎ ಮಾಡು, ಸಿಎಫ್‌ಎ ಮಾಡು, ಒಳ್ಳೆ ಕಡೆ ಎಂಬಿಎ ಮಾಡು. ಲಾ ಓದಿದವರಿಗೆ ಅಲ್ಲಿ ಬೇರೆ ಕೆಲಸ. ವ್ಯವಹಾರದ ಕರಾರು ಬರೆಯೋದು, ತೊಡಕು ಹುಡುಕೋದು" ಅಂದರು.

ಅವರು ಹೇಳಿದ್ದರಲ್ಲಿ ಇನ್ನೆರಡು ವಿಷಯ ನಿಮಗೆ ಬೇಕಾಗಬಹುದು. ಬಿ.ಕಾಂನಲ್ಲಿ ಶೇ. 55 ಇದ್ದರೆ ಸಿಎ ಫೌಂಡೇಶನ್ ಬರೆಯದೆ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ನೋಂದಾಯಿಸಬಹುದು. ಆರ್ಟಿಕಲ್‌ಶಿಪ್, ಅಂದರೆ ಆಡಿಟರ್ ಕೈಕೆಳಗಿನ ತರಬೇತಿ, ಮೊದಲು ಮೂರು ವರ್ಷ ಇತ್ತು, 2023ರ ಹೊಸ ಪದ್ಧತಿಯಲ್ಲಿ ಎರಡು ವರ್ಷಕ್ಕೆ ಇಳಿದಿದೆ. ಕಂಪನಿ ಕಾನೂನು ಮಾತ್ರ ಇಷ್ಟ, ಕೋರ್ಟು ಬೇಡ ಅನ್ನುವವರಿಗೆ ಕಂಪನಿ ಸೆಕ್ರೆಟರಿ ಕೋರ್ಸ್ ಇದೆ. ಅದನ್ನು ಊರಲ್ಲೇ ಇದ್ದು ಓದಬಹುದು.

ಹೊರಡುವಾಗ ಅವರು ಕೇಳಿದರು: "ನಿನಗೆ ಲೆಕ್ಕ ಇಷ್ಟಾನಾ, ಕಾಗದ ಇಷ್ಟಾನಾ?" ಆಗ ಉತ್ತರ ಬರಲಿಲ್ಲ. ಸಂಜೆ ಊರಿಗೆ ಹೋಗುವ ಬಸ್ಸಿನಲ್ಲಿ ಅದೇ ತಲೆಯಲ್ಲಿ. ಮಂಡಗದ್ದೆ ದಾಟುವ ಹೊತ್ತಿಗೆ ಒಂದು ವಿಷಯ ನೆನಪಾಯಿತು. ಆಫೀಸಿನಲ್ಲಿ ಯಾರೂ ಹೇಳದಿದ್ದರೂ ನಾನು ಹೊತ್ತು ಮೀರಿ ಕೂತಿದ್ದು ಯಾವಾಗ? ಹಳೇ ಪಾಲುಪಟ್ಟಿ ಓದುವಾಗ. ಇಸಿಯಲ್ಲಿ (ಋಣಭಾರ ಪತ್ರ) ಆಸ್ತಿ ಹೇಗೆ ಕೈ ಬದಲಾಯಿಸಿದೆ ಅಂತ ಪೆನ್ಸಿಲ್‌ನಲ್ಲಿ ಗೆರೆ ಎಳೆಯುವಾಗ. ಲೆಕ್ಕದ ಹಾಳೆ ಯಾವತ್ತೂ ಐದೂವರೆಗೆ ಮುಚ್ಚಿದ್ದೇನೆ.

ಎರಡನೆಯವರು ರಾಷ್ಟ್ರೀಕೃತ ಬ್ಯಾಂಕೊಂದರ ಲಾ ಆಫೀಸರ್. ಅವರ ಮೇಜಿನ ಮೇಲಿದ್ದದ್ದು ನನ್ನ ಮೇಜಿನ ಮೇಲಿದ್ದ ಥರದ್ದೇ ಕಾಗದ. ಆದರೆ ನಾನು ಎಲ್ಲಿ ನಿಲ್ಲುತ್ತೇನೋ ಅವರ ಕೆಲಸ ಅಲ್ಲಿಂದ ಶುರು. ಆಸ್ತಿಯ ಹಕ್ಕು ಪರಿಶೀಲನೆ, ಅಡಮಾನ ಪತ್ರ, ಸಾಲ ಸುಸ್ತಿಯಾದರೆ ಸರ್ಫೇಸಿ ನೋಟಿಸು, ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಯ ಕೇಸುಗಳು. 2002ರ ಈ ಸರ್ಫೇಸಿ ಕಾಯ್ದೆಯ ಹೆಸರು ನಮ್ಮ ಆಫೀಸಿನಲ್ಲಿ ದಿನಾ ಕೇಳುತ್ತಿದ್ದೆ. ಅವರು ಬಿಡಿಸಿ ಹೇಳಿದ ಮೇಲೆ ಅರ್ಥವಾಯಿತು. ಕೋರ್ಟಿಗೆ ಹೋಗದೆ, 60 ದಿನದ ನೋಟಿಸು ಕೊಟ್ಟು, ಅಡವಿಟ್ಟ ಆಸ್ತಿಯನ್ನು ವಶಕ್ಕೆ ತೆಗೆದುಕೊಳ್ಳುವ ಅಧಿಕಾರ ಅದು. ಆದರೆ ಕೃಷಿ ಜಮೀನಿಗೆ ಅದು ಅನ್ವಯಿಸುವುದಿಲ್ಲ. ಅಡಿಕೆ ತೋಟ ಎಷ್ಟೇ ಎಕರೆ ಇದ್ದರೂ, ಪೇಟೆಯಲ್ಲಿ ಒಂದು ಸೈಟು ಇದೆಯಾ ಅಂತ ನಮ್ಮ ಮ್ಯಾನೇಜರ್ ಯಾಕೆ ಕೇಳುತ್ತಿದ್ದರು ಅಂತ ಆವತ್ತು ತಿಳಿಯಿತು. ಮೂರು ವರ್ಷ ಆ ಪ್ರಶ್ನೆಯನ್ನು ನಾನೂ ಜನರಿಗೆ ಕೇಳಿದ್ದೆ, ಕಾರಣ ಗೊತ್ತಿಲ್ಲದೆ.

ಅವರ ಕೆಲಸ ನೋಡಿದ ಮೇಲೆ ಬೇರೆ ಕನಸೆಲ್ಲ ತಾನಾಗೇ ಬಿದ್ದುಹೋಯಿತು. ನನಗೆ ಬೇಕಾಗಿದ್ದು ಇದೇ.

ಇನ್ನು ಷರತ್ತುಗಳು. ಇದನ್ನು ಗಮನವಿಟ್ಟು ಓದಿ, ನಾನು ಲೆಕ್ಕ ತಪ್ಪಿದ್ದು ಇಲ್ಲೇ. ಬ್ಯಾಂಕ್ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್ ಮೂಲಕ ಲಾ ಆಫೀಸರ್ ಆಗಲು ಎಲ್‌ಎಲ್‌ಬಿ ಒಂದೇ ಸಾಲದು, ವಕೀಲರ ಪರಿಷತ್ತಿನಲ್ಲಿ ನೋಂದಣಿಯೂ ಆಗಿರಬೇಕು. ವಯಸ್ಸು 30 ದಾಟಿರಬಾರದು, ಮೀಸಲಾತಿ ಇರುವವರಿಗೆ ಸಡಿಲಿಕೆ ಇದೆ. ನನಗೆ ಈಗ 25. ಓದು ಮುಗಿಯುವಾಗ 28, ನೋಂದಣಿ ಆಗುವಷ್ಟರಲ್ಲಿ ಇನ್ನೂ ಕೆಲವು ತಿಂಗಳು. ಸಿಗೋದು ಎರಡೇ ಅವಕಾಶ. "ಇನ್ನೊಂದು ವರ್ಷ ನೋಡೋಣ" ಅಂತ ನಾನು ಸುಮ್ನೆ ಕೂತಿದ್ದರೆ ಅದರಲ್ಲಿ ಒಂದು ಹೋಗುತ್ತಿತ್ತು. ನಿಮ್ಮ ವಯಸ್ಸು 27 ದಾಟಿದ್ದರೆ ಈ ಲೆಕ್ಕವನ್ನು ಮೊದಲು ಹಾಕಿ, ಆಮೇಲೆ ಉಳಿದದ್ದು. ಮೊದಲ ಹಂತದ (ಸ್ಕೇಲ್ 1) ಅಧಿಕಾರಿಯ ಮೂಲ ವೇತನ ತಿಂಗಳಿಗೆ 48,480ರಿಂದ ಶುರುವಾಗುತ್ತದೆ. ರಿಸರ್ವ್ ಬ್ಯಾಂಕಿನ ಕಾನೂನು ಅಧಿಕಾರಿ ಹುದ್ದೆಗಾದರೆ ಎರಡು ವರ್ಷದ ಅನುಭವ ಕೇಳುತ್ತಾರೆ.

ಮೂರನೆಯವರು ಕೋರ್ಟಿನ ಹಿರಿಯ ವಕೀಲರು. ಅವರು ಸಿಹಿ ಮಾತಾಡಲಿಲ್ಲ. "ಬ್ಯಾಂಕ್ ಪರೀಕ್ಷೆ ಆಗ್ಲಿಲ್ಲ ಅಂದ್ರೆ ಇಲ್ಲಿಗೇ ಬರ್ಬೇಕು. ಮೊದಲ ಎರಡು ವರ್ಷ ಜೂನಿಯರ್‌ಗೆ ಸಿಗೋ ದುಡ್ಡು ರೂಮಿನ ಬಾಡಿಗೆಗೂ ಸಾಲೋದಿಲ್ಲ. ಅದಕ್ಕೆ ತಯಾರಿದ್ರೆ ಮಾತ್ರ ಬಾ" ಅಂದರು. ಪ್ರಾಕ್ಟೀಸ್ ಮಾಡುವ ವಕೀಲರು ಪೂರ್ಣಾವಧಿ ಸಂಬಳದ ಕೆಲಸದಲ್ಲಿ ಇರುವಂತಿಲ್ಲ ಅನ್ನೋದನ್ನೂ ಅವರೇ ಹೇಳಿದ್ದು. ಎರಡು ದೋಣಿಯಲ್ಲಿ ಕಾಲಿಡಲು ಆಗುವುದಿಲ್ಲ. 2016ರ ದಿವಾಳಿ ಸಂಹಿತೆ ಬಂದ ಮೇಲೆ ಹುಟ್ಟಿದ ಇನ್‌ಸಾಲ್ವೆನ್ಸಿ ವೃತ್ತಿ, ಅಂದರೆ ದಿವಾಳಿ ಪ್ರಕ್ರಿಯೆ ನಡೆಸಿಕೊಡುವ ಕೆಲಸದ ಬಗ್ಗೆ ಕೇಳಿದೆ. ವಕೀಲರು ಆ ದಾರಿಯಲ್ಲಿ ಹೋಗಲು ಸಾಮಾನ್ಯವಾಗಿ ಹತ್ತು ವರ್ಷದ ಅನುಭವ ಬೇಕು, ಈಗ ಅದರ ಯೋಚನೆ ಬೇಡ ಅಂದರು.

ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಅಡಿಕೆ ಮಂಡಿಯ ಬಿಲ್ಲಿನ ಹಿಂದೆ ಲೆಕ್ಕ ಬರೆದೆ. ಫೀಸು, ಪುಸ್ತಕ, ಪರೀಕ್ಷೆ ಶುಲ್ಕ ಮೂರು ವರ್ಷಕ್ಕೆ ಸುಮಾರು 1,20,000. ಅದು ದೊಡ್ಡದಲ್ಲ. ಬಿಟ್ಟುಹೋಗುವ ಸಂಬಳ 22,000 ಇಂಟು 36, ಅಂದರೆ 7,92,000. ನನ್ನ ಉಳಿತಾಯ 1,60,000. ಲಾ ಓದಿಗೆ ಎಷ್ಟಾಗುತ್ತೆ ಅಂತ ಎಲ್ಲರೂ ಫೀಸು ಮಾತ್ರ ಕೇಳುತ್ತಾರೆ. ನಿಜವಾದ ಖರ್ಚು ಬಾರದೆ ಹೋಗುವ ಸಂಬಳ.

ಅಪ್ಪಯ್ಯ ಬಿಲ್ಲು ನೋಡಿದರು, ಮಡಚಿ ಜೇಬಿಗೆ ಹಾಕಿಕೊಂಡರು, ಏನೂ ಹೇಳಲಿಲ್ಲ. ಮೊದಲು 20 ಕ್ವಿಂಟಾಲ್ ಆಗುತ್ತಿದ್ದ ಅಡಿಕೆ ಆ ವರ್ಷ 11ಕ್ಕೆ ಇಳಿದಿತ್ತು. ಅಮ್ಮ ಮದುವೆಯ ಮಾತು ತೆಗೆದರು. "ಮೂರು ವರ್ಷ ಆದ್ಮೇಲೂ ಕೆಲಸ ಸಿಗ್ಲಿಲ್ಲ ಅಂದ್ರೆ ಎಂಥ ಮಾಡ್ತೀಯ?" ಅಂತ ಅಪ್ಪಯ್ಯ ಒಂದೇ ಸಲ ಕೇಳಿದ್ದು. ಅದಕ್ಕೆ ನನ್ನ ಹತ್ತಿರ ಗಟ್ಟಿ ಉತ್ತರ ಇರಲಿಲ್ಲ. ಜನವರಿ, ಫೆಬ್ರವರಿ ಹಾಗೇ ಹೋಯಿತು. ಅವು ನನಗೆ ತುಂಬಾ ಕಷ್ಟದ ದಿನಗಳು. ಆಫೀಸಿನಲ್ಲಿ ಮನಸ್ಸಿಲ್ಲ, ಮನೆಯಲ್ಲಿ ಮಾತಿಲ್ಲ.

ಮಾರ್ಚ್‌ನಲ್ಲಿ ಒಂದು ಸಂಜೆ ಜಗಲಿಯಲ್ಲಿ ಕೂತಿದ್ದೆ. ಅಪ್ಪಯ್ಯ ಒಳಗಿಂದ ಕಬ್ಬಿಣದ ಪೆಟ್ಟಿಗೆ ತಂದರು. ತಳದಿಂದ ಒಂದು ಕಾಗದ ತೆಗೆದು ನನ್ನ ಮುಂದಿಟ್ಟರು. ಫಾರ್ಮ್ 57ರ ಸ್ವೀಕೃತಿ. ತೋಟದ ಮೇಲ್ಗಡೆ ಇರುವ ಮುಕ್ಕಾಲು ಎಕರೆ ಬಗರ್‌ಹುಕುಂ ಜಾಗವನ್ನು ಸಕ್ರಮ ಮಾಡಿಕೊಡಿ ಅಂತ 2018ರಲ್ಲಿ ಹಾಕಿದ ಅರ್ಜಿ. ಸೀಲಿನ ಶಾಯಿ ಮಾಸಿತ್ತು. ಅಂಥ ಅರ್ಜಿ ಹಾಕಿದ್ದೇ ನನಗೆ ಗೊತ್ತಿರಲಿಲ್ಲ.

"ಇದು ಎಲ್ಲಿಗೆ ಬಂತು, ಎಂಥ ಆಯ್ತು ಅಂತ ಕೇಳೋಕೆ ಹೋದ್ರೆ ಒಬ್ಬೊಬ್ರು ಒಂದೊಂದು ಹೇಳ್ತಾರೆ. ನೀನು ಓದಿದ್ರೆ ಇದು ಅರ್ಥ ಆಗುತ್ತಾ?"

"ಆಗುತ್ತೆ ಅಪ್ಪಯ್ಯ" ಅಂದೆ.

"ಹಾಗಾದ್ರೆ ಓದು. ಊಟಕ್ಕೆ, ರೂಮಿಗೆ ನಾನು ಕೊಡ್ತೀನಿ. ಫೀಸು ನಿನ್ನ ದುಡ್ಡಲ್ಲಿ ಕಟ್ಟು."

ಅಲ್ಲಿಗೆ ತೀರ್ಮಾನ ಆಯಿತು. ಇನ್ನು ಮೇಲಿನದು ಬರೀ ಓಡಾಟ, ಆದರೆ ಕಾಗದಪತ್ರದ ವಿಷಯದಲ್ಲಿ ಕೆಲವನ್ನು ಹೇಳಲೇಬೇಕು.

ಕೆಲಸ ಬಿಡದೆ ಓದಬಹುದಾ ಅಂತ ಎಲ್ಲರೂ ಕೇಳುತ್ತಾರೆ. ನಾನೂ ಕೇಳಿದ್ದೆ. ಭಾರತೀಯ ವಕೀಲರ ಪರಿಷತ್ತಿನ ನಿಯಮದಲ್ಲಿ ಪ್ರತಿ ವಿಷಯಕ್ಕೂ ಶೇ. 70 ಹಾಜರಿ ಬೇಕು. 2024ರ ಸೆಪ್ಟೆಂಬರ್‌ನ ಸುತ್ತೋಲೆಯಲ್ಲಿ, ವಿದ್ಯಾರ್ಥಿ ಎಲ್ಲಾದರೂ ಕೆಲಸದಲ್ಲಿದ್ದರೆ ಅದನ್ನು ತಿಳಿಸಿ, ಕೆಲಸ ಕೊಟ್ಟವರ ಒಪ್ಪಿಗೆ ಪತ್ರ ತರಬೇಕು ಅಂತಲೂ ಇದೆ. ನಮ್ಮ ಸಂಸ್ಥೆ ಆ ಪತ್ರ ಕೊಡಲು ಒಪ್ಪಲಿಲ್ಲ. "ಹಾಜರಿ ಹೇಗೋ ಆಗುತ್ತೆ, ಕೆಲಸ ಇರೋದು ಹೇಳ್ಬೇಡ" ಅಂತ ಸಲಹೆ ಕೊಟ್ಟವರು ನಾಲ್ಕೈದು ಜನ. ನನಗೆ ಮನಸ್ಸು ಬರಲಿಲ್ಲ. ಇನ್ನೊಬ್ಬರ ಕಾಗದದಲ್ಲಿ ಸುಳ್ಳು ಹುಡುಕುವ ಕೆಲಸಕ್ಕೆ ಹೊರಟವಳು ಮೊದಲ ಕಾಗದದಲ್ಲೇ ಸುಳ್ಳು ಬರೆಯೋದು ಹೇಗೆ? ಮೇ ತಿಂಗಳಲ್ಲಿ ರಾಜೀನಾಮೆ ಕೊಟ್ಟೆ. ಇನ್ನೊಂದು ಮಾತು, ಮನೆಯಲ್ಲೇ ಕೂತು ದೂರಶಿಕ್ಷಣದಲ್ಲಿ ಎಲ್‌ಎಲ್‌ಬಿ ಅಂತ ಯಾರಾದರೂ ಹೇಳಿದರೆ ದುಡ್ಡು ಕೊಡಬೇಡಿ. ಅಂಥ ಪದವಿಗೆ ವಕೀಲರ ಪರಿಷತ್ತಿನ ಮಾನ್ಯತೆ ಇಲ್ಲ, ನೋಂದಣಿಯೂ ಆಗುವುದಿಲ್ಲ.

ಪ್ರವೇಶಕ್ಕೆ ಪದವಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 45 ಅಂಕ ಬೇಕು, ಹಿಂದುಳಿದ ವರ್ಗಕ್ಕೆ 42, ಪರಿಶಿಷ್ಟರಿಗೆ 40. ನಾನು ಸೇರಿದ್ದು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು, ಪ್ರವೇಶ ಪರೀಕ್ಷೆ ಇರಲಿಲ್ಲ. ಉತ್ತರವನ್ನು ಕನ್ನಡದಲ್ಲೂ ಬರೆಯಬಹುದು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನಲ್ಲೂ 2022ರಿಂದ ಮೂರು ವರ್ಷದ ಕೋರ್ಸ್ ಇದೆ, ಅದಕ್ಕೆ ಬೇರೆ ಪ್ರವೇಶ ಪರೀಕ್ಷೆ. ದೊಡ್ಡ ಕಂಪನಿ, ದೊಡ್ಡ ಲಾ ಫರ್ಮ್ ಅಂತ ಕನಸಿದ್ದರೆ ಅದನ್ನು ಪ್ರಯತ್ನಿಸಿ. ನನ್ನ ಕನಸು ಬೇರೆ, ಅಲ್ಲಿನ ಖರ್ಚೂ ಬೇರೆ.

ಅತಿ ಹೆಚ್ಚು ನೋವು ಕೊಟ್ಟಿದ್ದು ಮೂಲ ಅಂಕಪಟ್ಟಿಗಳು. 2021ರಲ್ಲಿ ಆರು ವಾರ ಓದಿ ಬಿಟ್ಟ ಎಂಬಿಎ ಕಾಲೇಜಿನಲ್ಲೇ ಅವು ಉಳಿದಿದ್ದವು. ಕೇಳಲು ಹೋದರೆ ವರ್ಷದ ಬಾಕಿ ಫೀಸು 48,000 ಕಟ್ಟಿ ತೆಗೆದುಕೊಂಡು ಹೋಗಿ ಅಂದರು. ಮೂರು ಸಲ ಹೋದೆ, ಮೂರು ಸಲವೂ ಅದೇ ಮಾತು. ಮೂರನೇ ಸಲ ಗೇಟಿನ ಹೊರಗೆ ನಿಂತು ಅತ್ತುಬಿಟ್ಟೆ. ನಾನು ಉಳಿಸಿದ್ದರಲ್ಲಿ ಹತ್ತಿರಹತ್ತಿರ ಮೂರರಲ್ಲಿ ಒಂದು ಪಾಲು ಅದು.

ಬ್ಯಾಂಕಿನ ಆ ಲಾ ಆಫೀಸರ್‌ಗೆ ಫೋನ್ ಮಾಡಿದೆ. ವಿದ್ಯಾರ್ಥಿಗಳ ಮೂಲ ದಾಖಲೆಗಳನ್ನು ಕಾಲೇಜುಗಳು ಇಟ್ಟುಕೊಳ್ಳಬಾರದು ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿದೆ, ಅದನ್ನು ಹಾಕಿ ಒಂದು ಪತ್ರ ಬರಿ, ರಿಜಿಸ್ಟರ್ ಪೋಸ್ಟ್‌ನಲ್ಲಿ ಕಳಿಸು ಅಂದರು. ಒಂದೇ ಪುಟ ಬರೆದೆ. ಯಾವ ದಿನ ಸೇರಿದೆ, ಯಾವ ದಿನ ಬಿಟ್ಟೆ, ಯಾವ ದಾಖಲೆ ಅಲ್ಲಿದೆ, ಅಧಿಸೂಚನೆ ಏನು ಹೇಳುತ್ತದೆ, ಎಷ್ಟು ದಿನದೊಳಗೆ ಕೊಡಬೇಕು. ಬೈಗುಳ ಇಲ್ಲ, ಗೋಳು ಇಲ್ಲ. ಒಂಬತ್ತನೇ ದಿನ ಅವರೇ ಫೋನ್ ಮಾಡಿ ಬಂದು ತೆಗೆದುಕೊಂಡು ಹೋಗಿ ಅಂದರು. ಒಂದು ರೂಪಾಯಿಯೂ ಕೇಳಲಿಲ್ಲ. ಆ ಲಕೋಟೆ ಎದೆಗೆ ಒತ್ತಿಕೊಂಡು ಬಸ್‌ಸ್ಟ್ಯಾಂಡಿನವರೆಗೆ ನಡೆದೇ ಬಂದೆ. ನಿಮ್ಮ ದಾಖಲೆಯೂ ಎಲ್ಲಾದರೂ ಹೀಗೆ ಸಿಕ್ಕಿಕೊಂಡಿದ್ದರೆ ಮೊದಲು ಪತ್ರ ಬರೆಯಿರಿ, ದುಡ್ಡು ಹೊಂದಿಸಲು ಹೋಗಬೇಡಿ. ಪೋಸ್ಟಿನ ರಸೀದಿ ಜೋಪಾನ.

ಆಮೇಲಿನದು ಹೆಸರಿನ ತೊಂದರೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ ಹಿಂದೆ, ಪದವಿಯದ್ದರಲ್ಲಿ ಮುಂದೆ, ಆಧಾರ್‌ನಲ್ಲಿ ಅಪ್ಪಯ್ಯನ ಪೂರ್ತಿ ಹೆಸರು. ಮೂರೂ ಒಬ್ಬಳೇ ಅಂತ 100 ರೂಪಾಯಿ ಸ್ಟಾಂಪ್ ಪೇಪರ್ ಮೇಲೆ ಅಫಿಡವಿಟ್ ಮಾಡಿಸಿದೆ. ಟೈಪಿಂಗು, ನೋಟರಿ ಸೇರಿ ನನಗೆ 350 ಆಯಿತು. ಮೂರು ಪ್ರತಿ ಮಾಡಿಸಿಟ್ಟುಕೊಳ್ಳಿ, ಮುಂದೆ ನೋಂದಣಿಗೂ ಬೇಕಾಗುತ್ತದೆ. ಜಾತಿ-ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿ ಹದಿನೆಂಟು ದಿನ ಕಾದೆ. ರಾಜ್ಯದ ಪ್ರವರ್ಗದ ಪತ್ರ ಬೇರೆ, ಬ್ಯಾಂಕ್ ಪರೀಕ್ಷೆಗೆ ಬೇಕಾಗುವ ಕೇಂದ್ರದ ಒಬಿಸಿ ಪತ್ರ ಬೇರೆ. ಕೇಂದ್ರದ ಪಟ್ಟಿಯಲ್ಲಿ ನಿಮ್ಮ ಜಾತಿ ಇದೆಯಾ ಅಂತ ಈಗಲೇ ನೋಡಿಕೊಳ್ಳಿ, ವಯಸ್ಸಿನ ಸಡಿಲಿಕೆ ಅದರ ಮೇಲೆ ನಿಂತಿದೆ.

ನೋಂದಣಿ ಶುಲ್ಕದ ಬಗ್ಗೆ ಒಂದು ಒಳ್ಳೆಯ ಸುದ್ದಿ. ಮೊದಲು ಒಂದೊಂದು ರಾಜ್ಯದಲ್ಲಿ ಹತ್ತಾರು ಸಾವಿರ ಕಟ್ಟಬೇಕಿತ್ತು. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್, ಕಾಯ್ದೆಯಲ್ಲಿರುವ 750 ರೂಪಾಯಿಗಿಂತ ಜಾಸ್ತಿ ನೋಂದಣಿ ಶುಲ್ಕ ತೆಗೆದುಕೊಳ್ಳುವಂತಿಲ್ಲ ಅಂತ ತೀರ್ಪು ಕೊಟ್ಟಿದೆ. ಪರಿಶಿಷ್ಟರಿಗೆ 125. ನನ್ನ ಬಿಲ್ಲಿನ ಹಿಂದಿನ ಲೆಕ್ಕದಲ್ಲಿ ಆ ಸಾಲನ್ನು ಹೊಡೆದು ಹಾಕಿದಾಗ ಸಮಾಧಾನ ಆಯಿತು.

ಫೀಸು ಕಟ್ಟಿದ ದಿನ ಅಪ್ಪಯ್ಯನೂ ಬಂದಿದ್ದರು. ಮೊದಲ ವರ್ಷಕ್ಕೆ 34,000. ರಸೀದಿಯನ್ನು ಅವರೇ ಎರಡು ಸಲ ಓದಿದರು. ಗೋಪಿ ಸರ್ಕಲ್ ಹತ್ತಿರ ಕಾಫಿ ಕುಡಿದು, ತೀರ್ಥಹಳ್ಳಿ ಬಸ್ಸಿಗೆ ಹತ್ತಿಸಿ ಬಂದೆ. ಹತ್ತುವ ಮುಂಚೆ ಅಂಗಿ ಜೇಬಿನಿಂದ ಫಾರ್ಮ್ 57ರ ಜೆರಾಕ್ಸ್ ತೆಗೆದು ಕೊಟ್ಟರು, ನಾನು ಕೇಳಿರಲಿಲ್ಲ.

ಕ್ಲಾಸು ಶುರುವಾಗಲು ಇನ್ನು ಹತ್ತು ದಿನ ಇದೆ. ಅಷ್ಟರಲ್ಲಿ ಒಂದು ದಿನ ತಾಲ್ಲೂಕು ಕಚೇರಿಗೆ ಹೋಗಿ ಬರುತ್ತೇನೆ. ಮೊದಲು ಆ ಅರ್ಜಿ ಯಾವ ಮೇಜಿನಲ್ಲಿದೆ ಅಂತ ಕೇಳಬೇಕು. ಆಮೇಲೆ, ಕೊಟ್ಟ ಉತ್ತರವನ್ನು ಬರವಣಿಗೆಯಲ್ಲಿ ಕೇಳಬೇಕು.